ಬೆಕ್ಕಿನ ನಾತ ತಿಂದ ಮಣ್ಣಿಗೆ ಕಂಪು ಬಂದದ್ದು

ಒಂದು ಕಡೆ ತೇಗದ ಹಲಗೆಯ ಅಟ್ಟ. ಇನ್ನೊಂದು ಕಡೆ, ಪ್ರತಿ ಸುಗ್ಗಿಯಲ್ಲೂ ತಪ್ಪದೆ ಕಣಕ್ಕೆ ಬಂದು ಬೀಸುವ ಗಾಳಿ. ಅಟ್ಟವನ್ನು ಕೊಡಬೇಕು, ಗಾಳಿಯನ್ನು ಪಡೆಯಬೇಕು. ವ್ಯಾಪಾರ ಇಷ್ಟೇ.

ಈ ವ್ಯಾಪಾರ ನಡೆದದ್ದು ಭೂಮಿ ಇನ್ನೂ ಹೊಸದಾಗಿದ್ದಾಗ. ಆಗ ಹೊಳೆಗೆ ಮಾತು ಬರುತ್ತಿತ್ತು. ಮರಕ್ಕೂ ಬರುತ್ತಿತ್ತು. ಮರವನ್ನು ಕೊಯ್ದು ಹಲಗೆ ಮಾಡಿದ ಮೇಲೂ ಅದು ಸುಮ್ಮನಿರುತ್ತಿರಲಿಲ್ಲ.

ಗಾಳಿ ಮಾತ್ರ ಮನಸ್ಸು ಬಂದ ಕಡೆ ತಿರುಗುತ್ತಿತ್ತು. ಸುಗ್ಗಿ ಬಂದರೂ ಕಣದ ಕಡೆ ತಲೆ ಹಾಕುತ್ತಿರಲಿಲ್ಲ. ಜನ ಜೋಳದ ರಾಶಿಯ ಮುಂದೆ ಕೂತು, ಬಾಯಿಂದ ಊದಿ ಊದಿ ಹೊಟ್ಟು ಹಾರಿಸುತ್ತಿದ್ದರು. ಅರ್ಧ ರಾಶಿ ಮುಗಿಯುವಷ್ಟರಲ್ಲಿ ಮಳೆ ಬರುತ್ತಿತ್ತು. ಉಳಿದ ಅರ್ಧ ಕಣದಲ್ಲೇ ನೆನೆದು ಮೊಳೆಯುತ್ತಿತ್ತು. ದುಡಿದದ್ದು ಪೂರ್ತಿ, ಉಂಡದ್ದು ಅರ್ಧ.

ಆ ಊರಲ್ಲಿ ಬಾಳವ್ವ ಎಂಬ ವ್ಯಾಪಾರಗಾರ್ತಿ ಇದ್ದಳು. ಎಲ್ಲರೂ ಮಣ್ಣಿನ ನೆಲದ ಮೇಲೆ ಮಲಗುತ್ತಿದ್ದ ಕಾಲದಲ್ಲಿ ಮೊಟ್ಟಮೊದಲು ಹಲಗೆಯ ಅಟ್ಟ ಕಟ್ಟಿಸಿದವಳು ಅವಳೇ. ಗಾಳಿಯ ಕಷ್ಟ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾವಿನ ಹೂವಿನ ಕಂಪು, ಬೇವಿನ ಹೂವಿನ ಕಂಪು, ಮಲ್ಲಿಗೆಯ ಕಂಪು, ಎಲ್ಲವನ್ನೂ ಗಂಟು ಕಟ್ಟಿ ಹೊರುತ್ತಿದ್ದ ಗಾಳಿಗೆ ಅವನ್ನು ಇಡಲು ಒಂದು ಸೂರಿರಲಿಲ್ಲ. ಬೇಸಿಗೆ ಬಿಸಿಲಿಗೆ ಗಂಟೆಲ್ಲ ಆರಿಹೋಗುತ್ತಿತ್ತು.

"ಗಾಳಿಯಪ್ಪಾ, ನನ್ನ ಅಟ್ಟ ತಂಪೈತಿ. ನಿನ್ನ ಗಂಟು ಅಲ್ಲಿಡು. ಬಾಡಿಗಿ ಬ್ಯಾಡ. ಸುಗ್ಗಿ ಬಂದಾಗ ಕಣಕ್ಕ ಬಂದು ಬೀಸಿ ಹೋಗು, ಸಾಕು" ಅಂದಳು ಬಾಳವ್ವ.

ಗಾಳಿ ಅಟ್ಟ ಹತ್ತಿತು. ಮೂಲೆ ಮೂಲೆ ಸುತ್ತಿತು. ಹಲಗೆ ಒಣಗಿ ಗರಿಗರಿ ಇತ್ತು. "ಆತು ಬಾಳವ್ವ" ಅಂದಿತು.

ಮರುದಿನ ಗಂಟು ಹೊತ್ತುಕೊಂಡು ಬಂದಿತು. ಹೊಳೆಯ ಮೇಲೆ ಹಾಯ್ದು ಬಂದಿದ್ದರಿಂದ ಅದರ ಮೈಯೆಲ್ಲ ತೇವ. ಆ ತೇವ ಹಲಗೆಗೆ ತಾಗಿದ್ದೇ ತಡ, ಮೂಲೆಯಿಂದ ಗಬ್ಬೆಂದು ನಾತ ಎದ್ದಿತು. ಬೆಕ್ಕಿನ ಉಚ್ಚೆಯ ನಾತ. ಹಳೆಯದು, ಮಾಗಿದ್ದು, ಕಣ್ಣಲ್ಲಿ ನೀರು ಬರಿಸುವಂಥದ್ದು.

"ಥೂ ಥೂ! ನನ್ನ ಮಲ್ಲಿಗಿ ಗಂಟು ಇದರೊಳಗ ಇಡ್ಲೇನು? ನಿನ್ನೆ ಒಣ ನೆಲ ತೋರಿಸಿ ಮೋಸ ಮಾಡಿದಿ!" ಎಂದು ಗಾಳಿ ಹಿಂದಕ್ಕೆ ಸರಿಯಿತು.

ಮೋಸ! ಬಾಳವ್ವನ ಕಿವಿಗೆ ಕಾದ ಎಣ್ಣೆ ಬಿದ್ದಂತಾಯಿತು. ಅಳತೆಯಲ್ಲಿ ಒಂದು ಕಾಳು ಕಡಿಮೆ ಕೊಟ್ಟವಳಲ್ಲ ಅವಳು. ದಿನಾ ಅದೇ ಅಟ್ಟದಲ್ಲಿ ಓಡಾಡಿ ಓಡಾಡಿ ಅವಳ ಮೂಗಿಗೆ ಆ ನಾತ ಗೊತ್ತೇ ಆಗಿರಲಿಲ್ಲ.

"ಹುಣ್ಣಿಮಿ ತನಕ ಕಾಯ್ತೀನಿ. ನಾತ ಹೋದ್ರ ಮಾತು ಉಳೀತು. ಇಲ್ಲಂದ್ರ ಬ್ಯಾರೆ ಊರು ನೋಡ್ಕೋತೀನಿ" ಎಂದು ಗಾಳಿ ಹೊರಟುಹೋಯಿತು.

ಬಾಳವ್ವ ಸೀದಾ ಬೆಕ್ಕನ್ನು ಹಿಡಿದಳು. ಅದು ಒಲೆಯ ಪಕ್ಕ ಕಾಲು ನೆಕ್ಕುತ್ತಿತ್ತು.

"ಏ ಸೋಮಾರಿ! ನನ್ನ ಅಟ್ಟದಾಗ ಉಚ್ಚಿ ಹೊಯ್ದಾಂವ ನೀನ ಹೌದಲ್ಲೋ?"

"ಆ ಮಾತು ಈಗ್ಯಾಕ ತಗೀತಿ? ನಾ ಮರಿ ಇದ್ದಾಗಿಂದು ಅದು. ಯಾವಾಗೋ ಒಣಗಿ ಹೋಗೈತಿ."

"ಒಣಗಿದ್ದೆಲ್ಲಾ ಹೋತು ಅಂತ ನಿನಗ ಹೇಳಿದವರ‍್ಯಾರು?"

ಬೆಕ್ಕು ಮೀಸೆ ನೆಟ್ಟಗೆ ಮಾಡಿತು. "ನನಗೇನು ಗೊತ್ತು ಅದು ಅಟ್ಟ ಅಂತ? ಮರದ ವಾಸನಿ ಬಂತು, ಮರ ಅಂದ್ಕೊಂಡೆ. ಮರಕ್ಕ ಹೊಯ್ಯೋದು ನಮ್ಮ ಮನೆತನದ ಪದ್ಧತಿ."

ಬಾಳವ್ವ ಹಲಗೆಯ ಕಡೆ ತಿರುಗಿದಳು. "ಅವ ಹೊಯ್ದ. ನೀ ಯಾಕ ಕುಡದಿ?"

"ಚಂದ ಕೇಳ್ತಿ!" ಎಂದು ಹಲಗೆ ಕಿರುಗುಟ್ಟಿತು. "ಹುಟ್ಟಿದಾಗಿಂದ ಏನು ಬಿದ್ರೂ ಮಳಿ ಅಂತ ಕುಡದಾಂವ ನಾ. ಇನ್ನ ನೀ ಮರ ಅಲ್ಲಪ್ಪಾ, ನೆಲ ಆಗೀದಿ, ಕುಡೀಬ್ಯಾಡ ಅಂತ ಒಂದು ಮಾತು ಹೇಳಿದ್ಯೇನು?"

"ಒಬ್ಬಾಂವ ಹೊಯ್ದಾಂವ, ಒಬ್ಬಾಂವ ಕುಡದಾಂವ. ಮಾನ ಹೋದದ್ದು ನಂದು!" ಎಂದಳು ಬಾಳವ್ವ.

ಬೈದರೆ ನಾತ ಹೋಗುವುದಿಲ್ಲ. ಅವಳು ಹೊಳೆಯ ಹತ್ತಿರ ಹೋದಳು.

"ಇದೇನು ದೊಡ್ಡ ಮಾತು? ತೊಳೀತೀನಿ, ಮೊದಲು ಒಂದು ಬುಟ್ಟಿ ಅರಿಸಿನ ಇಡು" ಅಂದಿತು ಹೊಳೆ. ಬುಟ್ಟಿ ಇಸಿದುಕೊಂಡು ಅಟ್ಟಕ್ಕೆ ನುಗ್ಗಿತು. ಉಜ್ಜಿತು, ತಿಕ್ಕಿತು, ಸುರಿಯಿತು.

ಬಾಳವ್ವ ಮಂಡಿಯೂರಿದಳು. ಹಲಗೆಗೆ ಮೂಗು ಹಚ್ಚಿದಳು. ನಾತ ಅಲ್ಲೇ ಇತ್ತು. ಅಲ್ಲೇ ಏನು, ಹಲಗೆ ಆ ನೀರನ್ನೂ ಕುಡಿದು, ಒಂದು ಹಲಗೆಯ ನಾತ ಪಕ್ಕದ ಹಲಗೆಗಳಿಗೂ ಹರಡಿತ್ತು!

"ನಾ ತೊಳೀತೀನಿ ಅಂದಿದ್ದೆ, ತೊಳದೆ. ಹೋಗತೈತಿ ಅಂತ ಅಂದಿದ್ದೆನೇನು?" ಎಂದು ಹೊಳೆ ಅರಿಸಿನದ ಜೊತೆ ಹರಿದುಹೋಯಿತು. ಕೇಳಿ ಮಕ್ಕಳೇ, ಇದು ಮಾತೇ? ಇದು ನ್ಯಾಯವೇ?

ಬಾಳವ್ವ ಧೂಪದ ಮರದ ಹತ್ತಿರ ಹೋದಳು.

"ಇದೇನು ದೊಡ್ಡ ಮಾತು? ಮೊದಲು ಬುಡಕ್ಕ ಒಂದು ಗಾಡಿ ಗೊಬ್ಬರ ಹಾಕಿಸು" ಅಂದಿತು ಧೂಪದ ಮರ. ಗೊಬ್ಬರ ಹಾಕಿಸಿಕೊಂಡು ತನ್ನ ಅಂಟು ಕೊಟ್ಟಿತು. ಬಾಳವ್ವ ಕೆಂಡದ ಮೇಲೆ ಅಂಟು ಹಾಕಿದಳು. ಅಟ್ಟ ತುಂಬ ಹೊಗೆ. ಆಹಾ, ದೇವರ ಮನೆಯ ಹಾಗೆ!

ಬೆಳಗಾಗುವಷ್ಟರಲ್ಲಿ ಹೊಗೆ ಹೋಯಿತು. ಬಾಳವ್ವ ಮಂಡಿಯೂರಿದಳು. ಹಲಗೆಗೆ ಮೂಗು ಹಚ್ಚಿದಳು. ನಾತ ಅಲ್ಲೇ ಇತ್ತು. ಧೂಪವೂ ಇತ್ತು, ನಾತವೂ ಇತ್ತು. ಅವಳು ಸಿಟ್ಟಿನಿಂದ ಮರದ ಹತ್ತಿರ ತಿರುಗಿ ಹೋದಳು.

"ಅಷ್ಟಕ್ಕ ಯಾಕ ಸಿಟ್ಟು?" ಅಂದಿತು ಧೂಪದ ಮರ. "ಇನ್ನೊಮ್ಮೆ ಹೊಗಿ ಹಾಕು. ಹೊಗಿ ಇದ್ದಾಗನ ಗಾಳಿಯಪ್ಪನ್ನ ಕರಿ."

"ಆಂವ ಇರೋದು ಬ್ಯಾಸಗಿ ಪೂರ್ತಿ. ನಿನ್ನ ಹೊಗಿ ಇರೋದು ಒಂದು ರಾತ್ರಿ. ಮರುದಿನ ಆಂವ ಎದ್ದು ಹೋದ್ರ ಊರ ಜ್ವಾಳ ನೀ ಬಂದು ತೂರ್ತಿಯೇನು? ಮುಚ್ಚಿ ಮಾರೋ ಮಾಲು ನನ್ನ ಅಂಗಡ್ಯಾಗಿಲ್ಲ!" ಎಂದು ಬಾಳವ್ವ ಹೊರಟು ಬಂದಳು.

ಬಂದವಳು ಅಂಗಳದ ಬೇವಿನ ಮರದ ಕೆಳಗೆ ನಿಂತು, ಸಿಟ್ಟಿಗೆ ಹಿಮ್ಮಡಿಯಿಂದ ನೆಲಕ್ಕೆ ಗುದ್ದಿದಳು.

"ಮೆಲ್ಲಗ, ತಂಗಿ" ಅಂದಿತು ನೆಲ. ಮಣ್ಣವ್ವ ಮಾತಾಡಿದ್ದಳು. "ಎಲ್ಲಾರ ಹತ್ರ ಹೋಗಿ ಬಂದಿ. ಕಾಲ ಕೆಳಗಿದ್ದಾಕಿನ ಕೇಳಲಿಲ್ಲ."

"ನೀ ಏನು ಮಾಡ್ತಿ, ಮಣ್ಣವ್ವ? ನೆಲ ಸ್ವಚ್ಛ ಮಾಡಾಕ ಮಣ್ಣು ಹಾಕ್ತಾರೇನು?"

"ಹೊಳಿ ತೊಳೀತೈತಿ. ಧೂಪ ಮುಚ್ಚತೈತಿ. ನಾ ತಿಂತೀನಿ. ನನ್ನೊಳಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿ ಅದಾವ. ಉದುರಿದ ಎಲಿ ತಿಂತಾವ, ಸತ್ತ ಹುಳ ತಿಂತಾವ, ಸಗಣಿ ತಿಂತಾವ. ಬೆಕ್ಕಿನ ಉಚ್ಚಿ ಬಿಡ್ತಾವೇನು? ಆದ್ರ ಅವಸರ ಮಾಡಬ್ಯಾಡ. ಬಿಸಿನೀರು ಸುರೀಬ್ಯಾಡ, ಬಾಯಿ ಸುಟ್ಟು ಹೋಗ್ತಾವ."

ಮಣ್ಣವ್ವ ಹೇಳಿದಂತೆ ಬಾಳವ್ವ ಮಾಡಿದಳು. ಹುಳಿ ಮಜ್ಜಿಗೆಯ ತಿಳಿ ಹಚ್ಚಿ ಹಲಗೆಯ ಸಂದಿನವರೆಗೂ ನೆನೆಸಿದಳು. ಎಲೆ ಕೊಳೆತ ಕಪ್ಪು ಮಣ್ಣನ್ನು ಬೇವಿನ ಬುಡದಿಂದ ತಂದು ದಪ್ಪಗೆ ಹರವಿದಳು. ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದಳು. ತಟ್ಟು ಆರಿದರೆ ನೀರು ಚಿಮುಕಿಸಿದಳು. ಹಳೆ ಮಣ್ಣು ತೆಗೆದು ಹೊಸ ಮಣ್ಣು ಹಾಕಿದಳು. ನೋಡಿದವರು ನಕ್ಕರು. "ಬಾಳವ್ವ ಅಟ್ಟದ ಮ್ಯಾಲೆ ಬದನಿಕಾಯಿ ಬೆಳೀತಾಳ!" ಅಂದರು. ಅವಳು ಇನ್ನೊಂದು ಬುಟ್ಟಿ ಮಣ್ಣು ಹೊತ್ತು ತಂದಳು. ನಗುವವರ ಕಣದಲ್ಲೂ ಜೋಳ ಬಿದ್ದಿತ್ತು.

ಚಂದ್ರ ತುಂಬುತ್ತ ಬಂದ. ಬಾಳವ್ವ ಮಣ್ಣು ಗುಡಿಸಿದಳು. ಹಲಗೆ ಆರಿತು. ಬೇಕೆಂದೇ ಮೇಲೊಂದಿಷ್ಟು ನೀರು ಚಿಮುಕಿಸಿದಳು. ಮಂಡಿಯೂರಿದಳು. ಹಲಗೆಗೆ ಮೂಗು ಹಚ್ಚಿದಳು.

ನಾತ ಇರಲಿಲ್ಲ. ಹಲಗೆಯಿಂದ ಹಲಗೆಯ ವಾಸನೆ ಬರುತ್ತಿತ್ತು.

ಹುಣ್ಣಿಮೆಯ ದಿನ ಗಾಳಿ ಬಂದಿತು. ಈ ಸಲ ಅದೇ ಬೇಕೆಂದು ಹೊಳೆಯಲ್ಲಿ ಮೈ ಒದ್ದೆ ಮಾಡಿಕೊಂಡು ಬಂದಿತ್ತು. ಮೂಸಿತು, ತಿರುಗಿ ಮೂಸಿತು. ಗಂಟು ಇಳಿಸಿತು. ಆ ಸಂಜೆಯೇ ಕಣಕ್ಕೆ ಹೋಯಿತು. ಜನ ಮೊರ ಎತ್ತಿ ತೂರಿದರು. ಹೊಟ್ಟು ಆ ಕಡೆ, ಕಾಳು ಈ ಕಡೆ.

ಬಾಳವ್ವ ಮಣ್ಣವ್ವನ ಹತ್ತಿರ ಬಂದಳು. "ಕೆಲಸಕ್ಕ ಮೊದಲು ಕೈ ಚಾಚಲಿಲ್ಲ ನೀ ಒಬ್ಬಾಕಿನ. ಈಗ ಕೇಳು, ಏನು ಕೊಡ್ಲಿ?"

ಅಷ್ಟು ಹೊತ್ತು ತಣ್ಣಗಿದ್ದ ಮಣ್ಣವ್ವನ ದನಿ ಬಿಸಿಯಾಯಿತು. "ಕೊಳೆತದ್ದು ನನಗ. ಹೇಸಿಗಿ ನನಗ. ಲೋಕದ ನಾತೆಲ್ಲಾ ನನ್ನ ಬಾಯಿಗೆ! ಒಂದು ದಿನಾನೂ ಒಂದು ಒಳ್ಳೆ ವಾಸನಿ ಯಾರರ ತಂದು ಕೊಟ್ಟಾರೇನು? ನನಗ ಮೂಗಿಲ್ಲೇನು?"

ಬಾಳವ್ವನಿಗೆ ಅರ್ಥವಾಯಿತು. ಗಾಳಿಯನ್ನು ಕರೆದಳು. "ನಿನ್ನ ಗಂಟಿನಾಗ ಆಕಿಗೊಂದು ಪಾಲು ತಗಿ."

"ಅದೆಂಗ? ಮಾಲು ನಂದು!" ಎಂದು ಗಾಳಿ ಬುಸುಗುಟ್ಟಿತು.

"ಆಕಿ ಇಲ್ಲದಿದ್ರ ಆ ಮಾಲು ಈ ಬ್ಯಾಸಗಿ ಬಿಸಿಲಿಗೆ ಆರಿ ಹೋಗತಿತ್ತು. ಎಲ್ಲಾ ಕಳಕೊಳ್ಳೋದು ಲೇಸೋ, ಒಂದು ಪಾಲು ಕೊಡೋದು ಲೇಸೋ? ನೀನ ಲೆಕ್ಕ ಹಾಕು."

ಗಾಳಿ ಲೆಕ್ಕ ಹಾಕಿತು. ಎಲ್ಲ ಗಂಟಿನಿಂದಲೂ ಒಂದೊಂದು ಹಿಡಿ ತೆಗೆದು, ಬೆರೆಸಿ, ಹೊಸ ಗಂಟು ಕಟ್ಟಿ ಮಣ್ಣಿನೊಳಗೆ ಇಟ್ಟಿತು.

ಬೆಕ್ಕಿನ ತೀರ್ಮಾನ ಉಳಿದಿತ್ತು. "ಇನ್ನ ಮ್ಯಾಲೆ ಮಣ್ಣವ್ವನ ಹತ್ರ ಹೋಗು. ಕೆದರು, ಹೊಯ್ಯಿ, ಮುಚ್ಚು. ನಾತ ಐತೋ ಹೋತೋ ಅಂತ ನೀನ ಮೂಸಿ ನೋಡಿ ಬಾ" ಅಂದಳು ಬಾಳವ್ವ.

"ಕೆದರೋದು ಕೋಳಿ ಕೆಲಸ! ನಾ ಬೆಕ್ಕು!"

"ಹಂಗಾದ್ರ ಹಾಲು ಕೋಳಿಗೆ ಹಾಕ್ತೀನಿ."

ಬೆಕ್ಕು ಬಾಲ ಕೊಡವಿಕೊಂಡು ಕೆದರಲು ಹೋಯಿತು. ಇವತ್ತಿಗೂ ನೋಡಿ, ಅಂಗಳದಲ್ಲಿ ಮಣ್ಣು ಮುಚ್ಚುವಾಗ ಅದರ ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ಮುಚ್ಚಿ, ಮೂಸಿ, ಇನ್ನೊಮ್ಮೆ ಮುಚ್ಚಿಯೇ ಬರುತ್ತದೆ.

ಲೆಕ್ಕ ಹೀಗೆ ಮುಗಿಯಿತು: ಹೊಳೆ ಮತ್ತು ಧೂಪದ ಮರ ಮಾಡದ ಕೆಲಸಕ್ಕೆ ಅರಿಸಿನ, ಗೊಬ್ಬರ ನುಂಗಿದವು, ಅದು ಬಾಳವ್ವನಿಗೆ ಶುದ್ಧ ನಷ್ಟ, ಅವಳು ಕೊನೆಯವರೆಗೂ ಅದನ್ನು ಕ್ಷಮಿಸಲಿಲ್ಲ. ಗಾಳಿಗೆ ಅಟ್ಟ ಬಂತು, ಊರಿಗೆ ಪೂರ್ತಿ ರಾಶಿ ಬಂತು. ಎಲ್ಲರಿಗಿಂತ ಹೆಚ್ಚು ಲಾಭ ಮಾಡಿದವಳು ಮಣ್ಣವ್ವ. ಕೊಟ್ಟ ಗಂಟನ್ನು ಅವಳು ಬಿಚ್ಚಿ ಬಿಚ್ಚಿ ಖರ್ಚು ಮಾಡುವುದಿಲ್ಲ. ಬೇಸಿಗೆ ಪೂರ್ತಿ ಬಿಗಿಹಿಡಿದಿದ್ದು, ಮೊದಲ ಮಳೆಯ ಹನಿ ಬಿದ್ದಾಗ ಮಾತ್ರ ಒಂದಿಷ್ಟು ಸಡಿಲಿಸುತ್ತಾಳೆ, ಮತ್ತು ನೀವು ಮಕ್ಕಳು ಆಟ ಬಿಟ್ಟು ಬಾಗಿಲಿಗೆ ಓಡಿ ಬಂದು ಉಸಿರೆಳೆದುಕೊಳ್ಳುವುದು ಅವಳ ಆ ಕೂಲಿಯನ್ನೇ.