ಕೊಟ್ರೇಶ ಮುಚ್ಚಿದ ಕಂಡಿ

ಹೊಳೆ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಶಾಸ್ತ್ರ ಹೇಳಿಕೊಡುತ್ತಿರಲಿಲ್ಲ, ಅಂಗಳ ಮಾಡುವುದನ್ನು ಹೇಳಿಕೊಡುತ್ತಿದ್ದರು. ನಾಲ್ಕು ಮಾರು ಜಾಗದಲ್ಲಿ ಎಲ್ಲಿ ನೆರಳು, ಎಲ್ಲಿ ಹೂವು, ಎಲ್ಲಿ ಕೂರುವ ಕಟ್ಟೆ, ಎಲ್ಲಿ ಏನೂ ಇಲ್ಲದ ಬಯಲು ಎಂಬುದೇ ಅಲ್ಲಿಯ ವಿದ್ಯೆ.

ಗುರುಗಳು ನಿರ್ವಾಣಯ್ಯನವರು. ಶಿಷ್ಯ ಪಳಗಿದ ಅನ್ನಿಸಿದ ದಿನ ಅವನ ಕೈಗೊಂದು ಗುದ್ದಲಿ ಕೊಟ್ಟು ಹರಸಿ ಕಳಿಸುತ್ತಿದ್ದರು. ಗುದ್ದಲಿ ಸಿಕ್ಕವನನ್ನು ಊರೂರಿನವರು ಕರೆಯುತ್ತಿದ್ದರು. ಸಿಗದವನು ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂತಿರುಗಬೇಕು. ಒಬ್ಬನಿಗೆ ಮೂರು ಅಂಗಳ ಮಾಡಲು ಅವಕಾಶ. ನಾಲ್ಕನೆಯದಿಲ್ಲ.

ಕೊಟ್ರೇಶನೆಂಬ ಶಿಷ್ಯನ ಎರಡು ಅಂಗಳ ಕೆಟ್ಟಿದ್ದವು.

ಮೊದಲನೆಯದನ್ನು ನೋಡಿ ಗುರುಗಳು, "ಹೂವಿನ ಸಂತೆ" ಅಂದಿದ್ದರು. ಎರಡನೆಯದನ್ನು ನೋಡಿ ಏನೂ ಅನ್ನದೆ ಊಟಕ್ಕೆ ಎದ್ದುಹೋಗಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೆಯದು ಆಶ್ರಮದ ಹಿಂದಿನ ಅಂಗಳ. ಮಳೆಗಾಲ ಕಳೆದ ಮೇಲೆ ಶುರು ಮಾಡಿ ನಾಲ್ಕು ತಿಂಗಳು ಮೈ ಮುರಿದು ದುಡಿದ. ಏರುತಗ್ಗಿನ ನೆಲಕ್ಕೆ ಮಣ್ಣು ಹೊತ್ತುಹಾಕಿ ಅಂಗೈಯಂತೆ ಸಮ ಮಾಡಿದ. ಹೊಂಗೆ ಮರದ ಸುತ್ತ ಕಟ್ಟೆ ಕಟ್ಟಿದ.

ಹೊಳೆ ಕಡೆಯ ಗೋಡೆಯ ಬುಡದಲ್ಲಿ ಒಂದು ಕಂಡಿ ಹರಕುಬಾಯಿಯ ಹಾಗೆ ಕಾಣುತ್ತಿತ್ತು. ಥೂ, ಎಂಥ ಅಸಹ್ಯ! ಅದಕ್ಕೆ ಕಲ್ಲು ಜಡಿದು, ಗಾರೆ ಮೆತ್ತಿ, ಮುಂದೆ ಸೇವಂತಿಗೆ ಮಡಿ ಏರಿಸಿದ. ಗಿಡಗಳು ಮೈತುಂಬ ಹೂ ಬಿಟ್ಟವು. ಆ ಮಡಿಯನ್ನು ನೋಡಿದಾಗಲೆಲ್ಲ ಗುದ್ದಲಿ ಕೈಗೆ ಬಂದೇಬಿಟ್ಟಿತು ಅನ್ನಿಸುತ್ತಿತ್ತು ಅವನಿಗೆ.

ಇನ್ನೊಂದು ಕಡೆ ಗಿಡ್ಡ ಗೋಡೆ, ಅದರಲ್ಲೊಂದು ದಿಡ್ಡಿ ಬಾಗಿಲು. ಅದರಾಚೆ ತಗ್ಗಿನಲ್ಲಿ ಕುಂಬಾರರ ಹಾಲವ್ವನ ಮನೆ. ಗಂಡ ತೀರಿಕೊಂಡ ಮೇಲೆ ಮಡಿಕೆ ಮಾಡುವ ತಿಗರಿಯ ಮುಂದೆ ತಾನೇ ಕೂತ ಹೆಂಗಸು.

ಗುರುಗಳು ಅಂಗಳ ನೋಡಲು ಬಂದದ್ದು ಒಂದು ಮಧ್ಯಾಹ್ನ. ಬರುತ್ತಿದ್ದಂತೆ, ಕಾಲವಲ್ಲದ ಕಾಲದಲ್ಲಿ, ಹೊಳೆಯ ಮೇಲೆ ಮೋಡ ಕಪ್ಪುಗಟ್ಟಿತು.

"ಬುದ್ಧಿ, ಮಳೆ ಬರೋ ಹಾಗಿದೆ. ಬೇಗ ನೋಡಿಬಿಡಿ" ಅಂದ ಕೊಟ್ರೇಶ.

ಗುರುಗಳು ಜಗಲಿಯ ಮೇಲೆ ಕೂತರು. "ಮಜ್ಜಿಗೆ ಇದೆಯೇನೋ?"

ಓಡಿಹೋಗಿ ತಂದುಕೊಟ್ಟ. ಅವರು ಗುಟುಕು ಗುಟುಕಾಗಿ ಕುಡಿದರು. ಕೊಟ್ರೇಶನಿಗೆ ಜೀವ ಬಾಯಿಗೆ ಬಂದಿತ್ತು.

"ಉಪ್ಪು ಕಮ್ಮಿ" ಅಂದರು. ಆಮೇಲೆ ಹೊಳೆ ಕಡೆಯ ಗೋಡೆಗೆ ಕೈ ತೋರಿಸಿ, "ಅಲ್ಲೊಂದು ಕಂಡಿ ಇತ್ತಲ್ಲ?" ಅಂದರು.

"ಮುಚ್ಚಿದೆ ಬುದ್ಧಿ. ನೋಡೋಕೆ ಚೆನ್ನಾಗಿರಲಿಲ್ಲ."

"ನೋಡೋಕೆ ಚೆನ್ನಾಗಿಲ್ಲದ ಕಂಡಿ ನಿನ್ನ ಮೈಯಲ್ಲೂ ಇದೆ. ಅದನ್ನೂ ಮುಚ್ಚಿ ನೋಡು."

ಅಷ್ಟರಲ್ಲಿ ದಪ್ಪ ದಪ್ಪ ಹನಿ ಬಿತ್ತು. ಹಿಂದೆಯೇ ಮಳೆ ಧೋ ಎಂದು ಸುರಿಯಿತು.

ಸಮ ಮಾಡಿದ ನೆಲದ ಮೇಲೆ ನೀರು ಎತ್ತ ಹೋಗಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತಿತು. ಏರಿತು. ಆಮೇಲೆ ದಿಡ್ಡಿಯ ಕಡೆ ತಿರುಗಿತು.

"ಅಯ್ಯಯ್ಯೋ! ನಿಮ್ಮ ನೀರು ನನ್ನ ಮಡಿಕೆಗೆ ನುಗ್ತು!" ಹಾಲವ್ವ ಕೂಗಿಕೊಂಡಳು.

ಕೊಟ್ರೇಶ ಓಡಿಹೋಗಿ ಬಗ್ಗಿ ನೋಡಿದ. ಹುಲ್ಲಿನ ಮಾಡಿನ ಕೆಳಗೆ ಹಸಿ ಮಡಿಕೆಗಳು ಸಾಲುಸಾಲಾಗಿ ಒಣಗುತ್ತಿದ್ದವು. ನಾಳೆ ಸುಡಲು ಆವಿಗೆಗೆ ಇಡಬೇಕಾದವು. ಮೇಲಿಂದ ಬೀಳುವ ಮಳೆಗೆ ಮಾಡು ಅಡ್ಡ ಇತ್ತು. ನೆಲದ ಮೇಲೆ ಬರುವ ನೀರಿಗೆ ಏನೂ ಇರಲಿಲ್ಲ. ಸುಡದ ಮಡಿಕೆಗೆ ನೀರು ತಾಗಿದರೆ ಅದು ಮತ್ತೆ ಮಣ್ಣೇ.

ಗೋಣಿಚೀಲ ತಂದು ದಿಡ್ಡಿಗೆ ಒತ್ತಿದ. ಮೇಲೆ ಕಲ್ಲು ಹೇರಿದ. ನೀರು ಸಂದಿಯಲ್ಲಿ ನುಗ್ಗಿತು, ಅಡಿಯಲ್ಲಿ ನುಸುಳಿತು. ಅವನ ಕಣ್ಣೆದುರೇ ಮುಂದಿನ ಸಾಲಿನ ಒಂದು ಮಡಿಕೆ ಮೆಲ್ಲಗೆ ಕುಸಿದು ಕೂತಿತು. ಹಾಲವ್ವ ಎರಡು ಮಡಿಕೆ ಎದೆಗವಚಿಕೊಂಡು ನಿಂತಿದ್ದಳು. ಎಷ್ಟನ್ನು ಅಂತ ಎತ್ತಿಯಾಳು?

"ನಿಂತ್ಕಂಡು ನೋಡ್ತೀಯಲ್ಲೋ ತಮ್ಮಾ! ಏನಾರ ಮಾಡೋ!"

ಮಾಡುವುದೇನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಸಂಕಟ. ಹಾರೆ ಹಿಡಿದು ಸೇವಂತಿಗೆ ಮಡಿಯ ಮುಂದೆ ಬಂದು ನಿಂತ. ಮಡಿ ಒಡೆದರೆ ಕಂಡಿ ಸಿಗುತ್ತದೆ. ಕಂಡಿ ಬಿಚ್ಚಿದರೆ ನೀರು ಹೊಳೆಗೆ ಹೋಗುತ್ತದೆ. ಹೊತ್ತುಹಾಕಿದ ಮಣ್ಣೂ ಅದರ ಹಿಂದೆಯೇ ಹೋಗುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗಾದೆಯ ಕುಂಬಾರ ತಾನೇ ಅನ್ನಿಸಿ ಎತ್ತಿದ ಕೈ ಹಾಗೇ ನಿಂತಿತು.

"ಬುದ್ಧೀ!" ಜಗಲಿಯ ಕಡೆ ತಿರುಗಿ ಕೂಗಿದ. "ಒಂದೇ ಒಂದು ಸಲ ಈ ಕಡೆ ನೋಡಿ! ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಆಮೇಲೆ ಒಡೀತೀನಿ!"

ಗುರುಗಳು ಕಣ್ಣು ಮುಚ್ಚಿಕೊಂಡರು.

"ಬುದ್ಧೀ, ನಿಮ್ಮ ಕಾಲಿಗೆ ಬೀಳ್ತೀನಿ! ನಾಲ್ಕು ತಿಂಗಳು!"

ಅವರು ಕಣ್ಣು ಬಿಡಲಿಲ್ಲ.

ಗೋಡೆಯಾಚೆ ಹಾಲವ್ವನ ಕೂಗು ನಿಂತುಹೋಗಿತ್ತು. ಕೂಗುತ್ತಿದ್ದಾಗ ಇಲ್ಲದ ಹೆದರಿಕೆ ಈಗ ಕೊಟ್ರೇಶನಿಗೆ ಹುಟ್ಟಿತು.

ಹಾರೆ ಎತ್ತಿದ. ಮೊದಲ ಏಟು ಹೂವಿನ ಮೇಲೇ ಬಿತ್ತು. "ಈ ಮುದುಕನಿಗೆ ಕರುಳೇ ಇಲ್ಲ" ಅಂತ ಬೈದ, ತನ್ನನ್ನೂ ಬೈದುಕೊಂಡ, ಗೊಳೋ ಅಂತ ಅತ್ತ. ಅಳುತ್ತಲೇ ಏಟು ಹಾಕಿದ. ಮಡಿ ಚದುರಿತು. ಗಾರೆ ಬಿರಿಯಿತು. ಜಡಿದ ಕಲ್ಲನ್ನು ಉಗುರು ಕಿತ್ತುಹೋಗುವಂತೆ ಎಳೆದ. ಕಲ್ಲು ಬಂದದ್ದೇ ತಡ, ಅಂಗಳದ ನೀರೆಲ್ಲ ಮಣ್ಣು ಬಾಚಿಕೊಂಡು, ಹೂವು ಬಾಚಿಕೊಂಡು ಹೊಳೆಗೆ ನುಗ್ಗಿತು.

ಹಾರೆ ಬಿಸಾಕಿ ದಿಡ್ಡಿ ಹಾರಿ ಹೋದ. ಹಾಲವ್ವನೂ ಅವನೂ ಮಡಿಕೆಗಳನ್ನು ಒಂದೊಂದಾಗಿ ಎತ್ತಿ ಅವಳ ಮನೆಯೊಳಗೆ ಇಟ್ಟರು. ಮುಂದಿನ ಎರಡು ಸಾಲು ಕೆಸರಾಗಿತ್ತು. ಮಿಕ್ಕವು ಉಳಿದವು. ಕೊನೆಯ ಮಡಿಕೆ ಇಟ್ಟ ಮೇಲೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿಕೊಂಡು ವಾಪಸು ಬಂದುಬಿಟ್ಟ.

ಮಳೆ ನಿಂತಿತ್ತು. ಅಂಗಳ ಹಂದಿ ಹೊರಳಿದ ಕೆಸರಿನಂತಿತ್ತು. ಗುರುಗಳು ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

ಕೊಟ್ರೇಶ ಜಗಲಿಯ ಕೆಳಗೆ ನಿಂತ. ಮೈಯೆಲ್ಲ ಕೆಸರು, ಬೆರಳಲ್ಲಿ ರಕ್ತ.

"ಕಣ್ಣು ಬಿಡಿ ಬುದ್ಧಿ. ಮೂರನೆಯದು ಇದೇ, ಇಷ್ಟೇ ಉಳಿದಿರೋದು. ಗುದ್ದಲಿ ಕೊಡ್ತೀರೋ, ಗಂಟುಮೂಟೆ ಕಟ್ಟಲೋ, ಒಂದು ಮಾತು ಹೇಳಿಬಿಡಿ. ನನ್ನ ಅಂಗಳ ಹೇಗಿದೆ?"

ಗುರುಗಳು ಕಣ್ಣು ಬಿಡದೆಯೇ ಹೇಳಿದರು:

"ಅಂಗಳ ಹೇಗಿದೆ ಅಂತ ಅಂಗಳದಲ್ಲಿ ಕೂತವನನ್ನ ಯಾಕೋ ಕೇಳ್ತೀಯ? ದಿಡ್ಡಿ ದಾಟಿ ಹೋಗು, ಹಾಲವ್ವನ್ನ ಕೇಳು."