ಖಾಲಿ ಉಯ್ಯಾಲೆ, ಕೂರದ ಊರು

ಒಂದಾನೊಂದು ಊರು ಕಣ್ರಪ್ಪಾ. ಊರಿಗೆ ಹೆಸರಿಲ್ಲ. ಹೆಸರು ತರ್ತೀನಿ ಅಂತ ಹೋದವನು ಇನ್ನೂ ತಿರುಗಿ ಬಂದಿಲ್ಲ. ಆ ಊರಿಗೊಬ್ಬ ರಾಜ, ಗಡಿಬಿಡಿರಾಯ. ನಿಂತಲ್ಲಿ ನಿಲ್ಲುವವನಲ್ಲ, ಕೂತಲ್ಲಿ ಕೂರುವವನಲ್ಲ.

ಒಂದು ಮಧ್ಯಾಹ್ನ ಅರಮನೆಯ ಉಯ್ಯಾಲೆ ತಾನಾಗಿ ತೂಗಿತು. ಅದರ ಮೇಲೆ ಯಾರೂ ಇರಲಿಲ್ಲ. ಮಾರನೆಯ ದಿನವೂ ತೂಗಿತು. ಆಗಲೂ ಯಾರೂ ಇರಲಿಲ್ಲ.

"ಯಾರೂ ಕಾಣಲಿಲ್ಲ ಅಂದಮೇಲೆ ಕಾಣದವರು ಯಾರೋ ಇದ್ದಾರೆ" ಅಂದ ರಾಜ. "ನನ್ನ ಉಯ್ಯಾಲೆಯಲ್ಲಿ ಕೂತ ದೆವ್ವ ಯಾವುದು ಅಂತ ಸಾಕ್ಷಿ ಸಿಗೋವರೆಗೂ ಈ ಊರಲ್ಲಿ ಯಾರೂ ಕೂರಕೂಡದು!"

ಡಂಗುರ ಹೊಡೆದರು. ಊರು ಎದ್ದು ನಿಂತಿತು. ನಿಂತು ಉಂಡರು, ನಿಂತು ರಾಗಿ ಬೀಸಿದರು. "ಮಲಗಬಹುದಾ, ಮಹಾಸ್ವಾಮಿ?" ಅಂತ ಕೇಳಿದರು. "ಮಲಗೋಕೆ ಮೊದಲು ಕೂರಬೇಕಲ್ಲ!" ಅಂದ ರಾಜ. ಗೋಡೆಗೊರಗಿ ನಿಂತೇ ಗೊರಕೆ ಹೊಡೆದರು. ಕಾವಿಗೆ ಕೂತ ಕೋಳಿಗಳನ್ನೂ ಎಬ್ಬಿಸಿದರು. ಮೊಟ್ಟೆಗಳು "ಅಮ್ಮಾ, ಚಳಿ!" ಅಂತ ಕೂಗಿಕೊಂಡವು.

ಆ ಊರಲ್ಲಿ ಓಬಳಯ್ಯ ಅಂತ ಒಬ್ಬ. ಕಳೆದುಹೋದ ದನಗಳನ್ನು ಹೆಜ್ಜೆಗುರುತು ನೋಡಿ ಹುಡುಕಿಕೊಡೋದು ಅವನ ಕಸುಬು. ಹೆಂಡತಿ ದೇವೀರಮ್ಮನಿಗೆ ಮಂಡಿನೋವು. ಮೂರು ದಿನ ನಿಂತದ್ದಕ್ಕೆ ಮಂಡಿಗಳು ಊದಿ ಕುಂಬಳಕಾಯಿ ಆದವು.

"ಏನ್ರೀ, ಆ ದೆವ್ವನ ಬೇಗ ಹುಡುಕಿಕೊಡ್ರೀ" ಅಂದಳು. "ನನ್ ಕೈಲಿ ಆಗ್ತಿಲ್ಲ."

ಓಬಳಯ್ಯ ಅರಮನೆಗೆ ಓಡಿದ. ಮೊದಲು ಉಯ್ಯಾಲೆಯನ್ನೇ ಕೇಳಿದ.

"ನಿನ್ನ ತೂಗಿದ್ದು ಯಾರವ್ವಾ?"

"ಗಾಳಿ ಕಣಣ್ಣಾ" ಅಂತು ಉಯ್ಯಾಲೆ.

ರಾಜ ಒಪ್ಪಲಿಲ್ಲ. "ಅದು ದೆವ್ವದ ಕಡೆಯ ಸಾಕ್ಷಿ. ಗಾಳಿಯೇ ಬಂದು ಹೇಳಲಿ."

ಓಬಳಯ್ಯ ಗುಡ್ಡ ಹತ್ತಿದ. ಮಡಕೆ ತುಂಬ ಗಾಳಿ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ, ಏದುಸಿರು ಬಿಡುತ್ತಾ ತಂದ. ರಾಜ ಬಟ್ಟೆ ಬಿಚ್ಚಿ ಒಳಗೆ ಕೈಯಾಡಿಸಿದ.

"ಇದರಲ್ಲಿ ಏನೂ ಇಲ್ಲವಲ್ಲೋ! ಕರೆದರೂ ಮಡಕೆಗೆ ಬಾರದ ಗಾಳಿ, ಕರೆಯದೆ ಉಯ್ಯಾಲೆಗೆ ಬಂತೇ?"

ಆ ಸಾಕ್ಷಿ ಬಿದ್ದುಹೋಯಿತು.

'ದೆವ್ವ ಕಣ್ಣಿಗೆ ಕಾಣದಿದ್ದರೂ ಅದರ ಕಾಲು ನೆಲಕ್ಕೆ ತಾಗಲೇಬೇಕು' ಅಂದುಕೊಂಡ ಓಬಳಯ್ಯ. ಉಯ್ಯಾಲೆಯಿಂದ ಬಾಗಿಲವರೆಗೂ ನೆಲದ ತುಂಬ ರಾಗಿಹಿಟ್ಟು ಹರಡಿದ. ಬಾಗಿಲು ಮುಚ್ಚಿ ಹೊರಗೆ ಕಾದ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ಕಾದ.

ಮಧ್ಯಾಹ್ನ ಒಳಗೆ ಸರಪಳಿ ಕಿರ್ ಕಿರ್ ಅಂತು. ಬಾಗಿಲು ತೆಗೆದ. ಉಯ್ಯಾಲೆ ತೂಗುತ್ತಿತ್ತು. ಹಿಟ್ಟಿನ ಮೇಲೆ ಇರುವೆಯೂ ಹಾದಿರಲಿಲ್ಲ. ತಡೆಯಲಾರದೆ ಒಳಗೆ ಹೋಗಿ ಹಲಗೆ ಮುಟ್ಟಿ ನೋಡಿದ. ತಣ್ಣಗಿತ್ತು. ರಾಜರ ಉಯ್ಯಾಲೆಗೆ ಬೆನ್ನು ತೋರಿಸಬಾರದಲ್ಲ, ಅದಕ್ಕೆ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೊರಗೆ ಬಂದ.

ಅಷ್ಟರಲ್ಲಿ ರಾಜ ಬಂದ. ಹಿಂದೆಯೇ ಊರೆಲ್ಲ ಬಂದು ಅಂಗಳದಲ್ಲಿ ನಿಂತಿತು. ರಾಜ ನೆಲ ನೋಡಿದ.

"ಎರಡು ಸಾಲು ಹೆಜ್ಜೆ! ಎರಡೂ ಒಳಮುಖ. ಯಾರವು?"

"ಎರಡೂ ನನ್ನವೇ, ಮಹಾಸ್ವಾಮಿ."

"ಹೊರಗೆ ಬಂದ ಹೆಜ್ಜೆ ಎಲ್ಲಿ?"

ಓಬಳಯ್ಯ ಬಗ್ಗಿ ಹಿಟ್ಟು ನೋಡಿದ.

"ಹೋಗಲಿ, ಇದು ಹೇಳು. ದನ ಒಳಗೆ ಹೋದ ಹೆಜ್ಜೆ ಇದೆ, ಹೊರಗೆ ಬಂದ ಹೆಜ್ಜೆ ಇಲ್ಲ. ದನ ಎಲ್ಲಿದೆ?"

ಮೂವತ್ತು ವರ್ಷದಿಂದ ಊರಿಗೆಲ್ಲ ಅವನೇ ಹೇಳಿಕೊಂಡು ಬಂದ ಮಾತು. "ಒಳಗೇ ಇದೆ" ಅಂದ.

"ಹಾಗಾದರೆ ಓಬಳಯ್ಯನೂ ಒಳಗೇ ಇದ್ದಾನೆ. ಹೊರಗೆ ನಿಂತಿರೋ ನೀನು ಯಾರು?"

ಓಬಳಯ್ಯ ಬಾಯಿ ತೆರೆದ. ಹಿಂದಕ್ಕೆ ನಡೆದು ಬಂದೆ ಅಂದರೆ ಅವನು ಪಾರು. ಆದರೆ ಮತ್ತೆ ಹಿಟ್ಟು ಹರಡಬೇಕು, ಮತ್ತೆ ಊರು ನಿಲ್ಲಬೇಕು. ಅಂಗಳದ ಕಡೆ ನೋಡಿದ. ದೇವೀರಮ್ಮ ಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ, ತುಟಿ ಕಚ್ಚಿ ನಿಂತಿದ್ದಳು.

"ನಾನೇ ದೆವ್ವ, ಮಹಾಸ್ವಾಮಿ" ಅಂದ.

ಊರಿಗೆ ಊರೇ ದೊಪ್ಪನೆ ಕೂತಿತು. ನೆಲ "ಅಯ್ಯೋ, ಮೆತ್ತಗೆ!" ಅಂತು.

ದೆವ್ವ ಊರೊಳಗೆ ಇರಕೂಡದು ಅಂತ ರಾಜ ಓಬಳಯ್ಯನನ್ನು ಊರಾಚೆಯ ಹುಣಸೆಮರಕ್ಕೆ ಹತ್ತಿಸಿ, ಕಾವಲುಗಾರನನ್ನು ಇಟ್ಟ. ಕೊಂಬೆ ಒತ್ತಿತು. ಓಬಳಯ್ಯ ಆ ಕಡೆ ಹೊರಳಿದ, ಈ ಕಡೆ ಹೊರಳಿದ. ಕೈ ಚಿವುಟಿಕೊಂಡ. ನೋವಾಯಿತು. 'ದೆವ್ವಕ್ಕೂ ನೋವಾಗುತ್ತೋ ಏನೋ' ಅನ್ನಿಸಿ ಇನ್ನಷ್ಟು ಕಳವಳವಾಯಿತು.

ಮಾರನೆಯ ದಿನ ದೇವೀರಮ್ಮ ಕುಂಟುತ್ತಾ ಬುತ್ತಿ ಹೊತ್ತು ಬಂದಳು.

"ಎಲ್ಲಿಗಮ್ಮಾ?" ಅಂತ ಕಾವಲುಗಾರ ತಡೆದ.

"ತೀರಿಹೋದ ಗಂಡನಿಗೆ ಎಡೆ ಇಡಬೇಕಪ್ಪಾ."

ಬಿಟ್ಟ. ಅವಳು ಮರದ ಬುಡದಲ್ಲಿ ಎಲೆ ಹಾಸಿ ಮುದ್ದೆ, ಸೊಪ್ಪಿನ ಸಾರು ಇಟ್ಟು ಕಾಲು ಚಾಚಿ ಕೂತಳು.

"ಇಳೀರಿ ಕೆಳಗೆ."

"ಲೇ, ನಿಜ ಹೇಳು. ನಾನು ಬದುಕಿದೀನಾ?"

"ನಂಗೇನು ಗೊತ್ತು? ಮೊದಲು ಉಣ್ಣಿ."

ಓಬಳಯ್ಯ ಇಳಿದು ಗಬಗಬ ಉಂಡ. ದೂರದಲ್ಲಿ ಕಾವಲುಗಾರ ಇಣುಕಿ ನೋಡಿ, ಖಾಲಿ ಎಲೆ ಕಂಡು ಬೆಚ್ಚಿ, "ದೆವ್ವ ನಿಜ ಮಹಾಸ್ವಾಮೀ, ಎಡೆ ಮಾಯವಾಯ್ತು!" ಅಂತ ಕೂಗುತ್ತಾ ಅರಮನೆಗೆ ಓಡಿದ.

ಓಬಳಯ್ಯ ಬೆರಳು ನೆಕ್ಕಿದ. "ಸಾರಿಗೆ ಉಪ್ಪು ಕಮ್ಮಿ" ಅಂದ.

"ಬದುಕಿದೀರ ಬಿಡಿ" ಅಂದಳು ದೇವೀರಮ್ಮ.

ಅವರು ಅಲ್ಲಿ, ನಾವು ಇಲ್ಲಿ. ಈ ಕತೆ ನಿಜವಾ ಅಂತ ಯಾರೂ ಕೇಳಬೇಡಿ, ಕೇಳಿದವರ ಹೆಸರನ್ನೇ ಸಾಕ್ಷಿ ಅಂತ ಬರ್ಕೋತಾರೆ.