ತಡವಾಗಿ ಬಂದ ಕಂಡಿಕೆ

"ಗುರುಗಳೇ," ಎಂದು ಶಿಷ್ಯ ಕೇಳಿದ. "ಮಿದುಳು ಮುಂದೆ ಬರುವುದನ್ನು ಸದಾ ಊಹಿಸುತ್ತಿರುತ್ತದೆ, ಊಹೆ ತಪ್ಪಿದಾಗಲೇ ಎಚ್ಚೆತ್ತು ಕಲಿಯುತ್ತದೆ ಎಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಹಾಗೆಯೇ ತಪ್ಪಿನಿಂದ ಕಲಿಯುವ ಯಂತ್ರಗಳನ್ನೂ ಮಾಡಿದ್ದಾರೆ. ಮುಂದೊಂದು ದಿನ ಯಂತ್ರದ ಊಹೆ ಒಂದೂ ತಪ್ಪದಿದ್ದರೆ, ಅದೇ ಪೂರ್ಣವಾದ ಅರಿವಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಅವನ ಬೆನ್ನ ಹಿಂದೆ ಹೆಂಡತಿ ರಾಟೆ ತಿರುಗಿಸುತ್ತ ಕಂಡಿಕೆ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ಲಾಳಿಯೊಳಗಿನ ಕಂಡಿಕೆ ಬರಿದಾದಾಗ ಅವನು ತಿರುಗಿ ನೋಡದೆ ಕೈ ಚಾಚುತ್ತಿದ್ದ. ತುಂಬಿದ ಕಂಡಿಕೆ ಕೈಗೆ ಬರುತ್ತಿತ್ತು. ನೂಲು ಎಷ್ಟು ಉಳಿದಿದೆ ಎಂಬುದು ಮಗ್ಗದ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು. ಮೂವತ್ತು ವರ್ಷ ಹೀಗೆ ನಡೆಯಿತು. ಮಾತಿಗೆ ಮಾತು ಬೆಳೆದ ದಿನ ಮಾತ್ರ ಅವಳು ಬೇಕೆಂದೇ ತಡಮಾಡುತ್ತಿದ್ದಳು. ಚಾಚಿದ ಕೈ ಹಾಗೆಯೇ ನಿಲ್ಲುತ್ತಿತ್ತು. ಅವನು ತಿರುಗಲೇಬೇಕಾಗುತ್ತಿತ್ತು. ಈ ಮನೆಯಲ್ಲಿ ಇನ್ನೊಂದು ಜೀವ ಇದೆ ಅಂತ ಈಗ ನೆನಪಾಯಿತೇ ಎಂದು ಅವಳು ಕೇಳುತ್ತಿದ್ದಳು.

ಅವಳು ತೀರಿಕೊಂಡಳು. ನೇಕಾರ ಮಗ್ಗಕ್ಕೆ ಮರಳಿದ. ನೂಲು ಮುಗಿದಾಗಲೆಲ್ಲ ಕೈ ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಬರಿಗೈಯನ್ನು ಎಳೆದುಕೊಂಡು ಕುಣಿಯಿಂದ ಎದ್ದು, ರಾಟೆಯ ಮುಂದೆ ತಾನೇ ಕೂರುತ್ತಿದ್ದ. ದಿನಕ್ಕೆ ಒಂದು ಮೊಳ ಬಟ್ಟೆಯೂ ಆಗುತ್ತಿರಲಿಲ್ಲ. ಮಗ್ಗ ಬಿಟ್ಟುಬಿಡೋಣ ಎನಿಸಿತು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಆಗ ಯಂತ್ರ ಕಟ್ಟುವವನೊಬ್ಬ ಆ ಊರಿಗೆ ಬಂದ. ಮಗ್ಗದ ಸದ್ದು ಕೇಳಿ, ಸಮಯ ಊಹಿಸಿ, ಕಂಡಿಕೆ ಕೊಡುವ ಯಂತ್ರವನ್ನು ಮಾಡಿ, ಅವಳು ಕೂರುತ್ತಿದ್ದ ಜಾಗದಲ್ಲಿ ಇಟ್ಟ. ಅದು ಮೊದಲ ದಿನ ಬೇಗ ಕೊಟ್ಟಿತು, ಮರುದಿನ ತಡವಾಗಿ ಕೊಟ್ಟಿತು. ತಪ್ಪಿದ ಪ್ರತಿಸಲವೂ ಕೂದಲೆಳೆಯಷ್ಟು ತಿದ್ದಿಕೊಂಡಿತು. ತಿಂಗಳಾಗುವಷ್ಟರಲ್ಲಿ ತಪ್ಪುವುದು ನಿಂತಿತು.

ಮಗ್ಗ ಹಳೆಯ ಲಯಕ್ಕೆ ಬಂತು. ನೇಕಾರನಿಗೆ ಹಗಲೆಲ್ಲ ಕನಸಿನಲ್ಲಿ ಕೂತಂತಿತ್ತು. ಲಾಳಿ ಹೋಗುತ್ತಿತ್ತು, ಬರುತ್ತಿತ್ತು, ಚಾಚಿದ ಕೈ ತುಂಬುತ್ತಿತ್ತು. ಬೆನ್ನ ಹಿಂದೆ ಅವಳು ಇದ್ದಳು. ಒಂದು ಮಧ್ಯಾಹ್ನ ಅವನು ನೇಯುತ್ತಲೇ, ಇವತ್ತು ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಹಿಂದಕ್ಕೆ ಹೇಳಿದ. ಸಾರು ಮಾಡಿದವನು ತಾನೇ ಎಂಬುದು ಮರೆತಿತ್ತು. ಕೈ ಚಾಚಿದ. ಸರಿಯಾದ ಕ್ಷಣಕ್ಕೆ ಕಂಡಿಕೆ ಬಂತು.

ಆ ಮಾತು ಕೇಳಿದ ಮೇಲೆ ಅವಳು ತಡಮಾಡದೆ ಇರುತ್ತಿರಲಿಲ್ಲ. ನೇಕಾರ ಕಂಡಿಕೆಯನ್ನು ನೋಡುತ್ತ ಕೂತ. ಅಂದು ಮತ್ತೆ ಲಾಳಿ ಎಸೆಯಲಿಲ್ಲ.

ಮರುದಿನ ಯಂತ್ರ ಕಟ್ಟಿದವನನ್ನು ಕರೆಸಿ, ಅದನ್ನು ಒಯ್ಯಲು ಹೇಳಿದ.

"ಯಜಮಾನರೇ, ಹತ್ತು ದಿನದಿಂದ ಇದು ಒಂದು ಸಲವೂ ತಪ್ಪಿಲ್ಲ," ಎಂದ ಅವನು. "ಬೇಕಾದರೆ ಆಗಾಗ ತಡಮಾಡುವುದನ್ನೂ ಕಲಿಸಿಕೊಡುತ್ತೇನೆ."

"ಬೇಡಪ್ಪ, ತಪ್ಪು ಅದರದಲ್ಲ," ಎಂದ ನೇಕಾರ. "ನಿನ್ನೆ ಅವಳ ಮುಖ ನೆನೆಯಲು ಕೂತೆ. ನನಗೆ ನೆನಪಿರುವ ಮುಖಗಳೆಲ್ಲ ಅವಳು ತಡಮಾಡಿದ ದಿನಗಳವೇ. ಕಂಡಿಕೆ ಸರಿಯಾಗಿ ಬಂದ ದಿನ ನಾನು ತಿರುಗಿಯೇ ಇರಲಿಲ್ಲ."

ಯಂತ್ರ ಹೋಯಿತು. ನೇಕಾರ ಪ್ರತಿ ಕಂಡಿಕೆಗೂ ಎದ್ದು ಆ ಜಾಗಕ್ಕೆ ಹೋಗಿ ಬರತೊಡಗಿದ. ಮಗ್ಗದಲ್ಲಿದ್ದ ಸೀರೆ ಮುಗಿಯಲು ಎರಡು ತಿಂಗಳು ಹಿಡಿಯಿತು.

ಕತೆ ಮುಗಿಯಿತೆಂದು ತಿಳಿದ ಶಿಷ್ಯ, ನೇಕಾರನದು ದುಃಖ, ತಾನು ಕೇಳಿದ್ದು ಅರಿವಿನ ವಿಷಯ ಎಂದ.

ಗುರುಗಳು ಹೇಳಿದರು: "ಆರು ವರ್ಷದಿಂದ ನಮ್ಮ ಮನೆಯಲ್ಲಿ ನಿನಗೆ ದಿನವೂ ಅನ್ನ ಬಡಿಸುವ ಆ ತಾಯಿಯ ಮುಖ ಹೇಗಿದೆ, ಹೇಳು."